ಛತ್ರದವನ ರಾತ್ರಿ ಪಾಳಿ

ಯುವಜನರ ಕೂಟದ ವಾಕ್ಯ ಅಧ್ಯಯನ
ಮುಖ್ಯ ವಾಕ್ಯಭಾಗ: ಲೂಕ 10:25–37
ಜೊತೆಗೆ ಓದಿ: 1 ಅರಸುಗಳು 19:1–8, ಅಪೊಸ್ತಲರ ಕೃತ್ಯಗಳು 6:1–7

ಎಲ್ಲರೂ ಬೈಬಲ್ ತೆಗೀರಿ. ಮೊಬೈಲಲ್ಲಿ ಓದೋರು ದಯವಿಟ್ಟು ಡೇಟಾ ಆಫ್ ಮಾಡಿ, ಇಲ್ಲಾಂದ್ರೆ ಲೂಕನ ಮಧ್ಯೆ ವಾಟ್ಸಾಪ್ ಬಂದು ಕೂರುತ್ತೆ.

ಇವತ್ತಿನ ಭಾಗ ಒಳ್ಳೇ ಸಮಾರ್ಯದವನ ಸಾಮ್ಯ. ಸಂಡೇ ಸ್ಕೂಲಿನಿಂದ ಕೇಳ್ತಾ ಬಂದಿದ್ದೀವಿ. ನಾಟಕ ಕೂಡ ಮಾಡಿದ್ದೀವಿ. ಗಾಯಗೊಂಡವನ ಪಾತ್ರ, ಕಳ್ಳರ ಪಾತ್ರ, ಯಾಜಕ, ಲೇವಿಯ, ಸಮಾರ್ಯದವನು. ಕತ್ತೆಯ ಪಾತ್ರಕ್ಕೂ ಒಬ್ಬ ತಮ್ಮ ಸಿಗ್ತಾನೆ. ಆದರೆ ಒಬ್ಬನ ಪಾತ್ರಕ್ಕೆ ಮಾತ್ರ ಯಾರೂ ಕೈ ಎತ್ತಲ್ಲ. ಯಾರು ಹೇಳಿ? ಛತ್ರದವನು. ಅವನಿಗೆ ಹೆಸರಿಲ್ಲ, ಮಾತಿಲ್ಲ. 35ನೇ ವಚನದಲ್ಲಿ ಬರ್ತಾನೆ, ಹಣ ಇಸ್ಕೊಳ್ತಾನೆ, ಅಷ್ಟೇ. ಆದರೆ ಮರುದಿನ ಬೆಳಿಗ್ಗೆ ಸಮಾರ್ಯದವನು ತನ್ನ ದಾರಿ ಹಿಡಿದು ಹೋದ ಮೇಲೆ ಆ ಗಾಯ ತೊಳೆದವರು ಯಾರು? ಗಂಜಿ ಕುಡಿಸಿದವರು ಯಾರು? ಮಧ್ಯರಾತ್ರಿ ನೋವಿಗೆ ನರಳಿದಾಗ ಎದ್ದು ಬಂದವರು ಯಾರು?

ಇವತ್ತು ಆ ಛತ್ರದವನ ಬಗ್ಗೆ ಧ್ಯಾನ ಮಾಡೋಣ. ಯಾಕಂದ್ರೆ ನಮ್ಮ ನಗರದಲ್ಲಿ ಅವನ ಕೆಲಸ ಮಾಡ್ತಿರೋ ಜನ ಇದ್ದಾರೆ.

ಡಿಸೆಂಬರ್ ತಿಂಗಳ ಬಿರಿಯಾನಿ

ಕೆಲವು ವರ್ಷಗಳ ಹಿಂದಿನ ಮಾತು. ಕ್ರಿಸ್‌ಮಸ್ ವಾರ. ನಮ್ಮ ಯುವಜನರು ಹನ್ನೆರಡು ಮಂದಿ, ಅರವತ್ತು ಬಿರಿಯಾನಿ ಪೊಟ್ಟಣ, ಎರಡು ಗಿಟಾರ್, ಒಂದು ಬ್ಯಾನರ್ ಹಿಡ್ಕೊಂಡು ಬೆಂಗಳೂರಿನ ಒಂದು ವಸತಿರಹಿತರ ಆಶ್ರಯ ಕೇಂದ್ರಕ್ಕೆ ಹೋದ್ವಿ. ಜನ ಅದನ್ನ ಶೆಲ್ಟರ್ ಅಂತಾರೆ. ಮುಂಚೆ ಫೋನ್ ಮಾಡಿರಲಿಲ್ಲ. ಒಳ್ಳೇ ಕೆಲಸಕ್ಕೆ ಯಾರ ಅನುಮತಿ ಬೇಕು ಅಂದ್ಕೊಂಡಿದ್ವಿ.

ಬಾಗಿಲಲ್ಲಿ ಕೇರ್‌ಟೇಕರ್ ನಿಂತಿದ್ದರು. ರಾಯಚೂರು ಕಡೆಯವರು, ಒಂದು ಕಾಲಕ್ಕೆ ತಾವೇ ಗುಳೆ ಬಂದು ಕಟ್ಟಡದ ಕೆಲಸ ಮಾಡಿದವರು. ನಮ್ಮ ಪೊಟ್ಟಣ ನೋಡಿ ನಕ್ಕು ಅಂದ್ರು: "ಎಲ್ಲಾರ್ದೂ ಊಟ ಆಗೇದ್ರಿ. ಇವತ್ತ ನಿಮ್ದು ಮೂರನೇ ಗುಂಪು."

ನಮ್ಮ ಹುಡುಗ ಒಬ್ಬ ಆಗಲೇ ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದ್ದ. ಅವರು ನಿಧಾನವಾಗಿ ಕೈ ಅಡ್ಡ ಹಿಡಿದರು. "ಫೋಟೋ ಬ್ಯಾಡ ತಮ್ಮಾ. ಇಲ್ಲಿರೋದು ಊರಾಗಿನ ಮಂದಿಗೆ ಗೊತ್ತಾದ್ರ ಮರ್ಯಾದಿ ಹೋಗತೈತಂತ ಭಾಳ ಮಂದಿ ಹೆದರ್ತಾರ."

ನನಗೆ ಸ್ವಲ್ಪ ಬೇಜಾರಾಯ್ತು, ಸುಳ್ಳು ಹೇಳಲ್ಲ. ಹೊರಡೋವಾಗ ಅವರು ನನ್ನನ್ನ ಪಕ್ಕಕ್ಕೆ ಕರೆದು ಕೇಳಿದ್ರು: "ಪಾಸ್ಟ್ರೇ, ಫೆಬ್ರುವರಿದಾಗ ಬರ್ತೀರೇನ್ರಿ? ಹಬ್ಬ ಮುಗದ ಮ್ಯಾಲೆ ಯಾರೂ ಬರಂಗಿಲ್ರಿ."

"ಏನು ಬೇಕು ಅಣ್ಣ? ಅಕ್ಕಿ? ಕಂಬಳಿ?"

"ಅನ್ನ ಹೆಂಗರ ಆಗತೈತ್ರಿ. ರಾತ್ರಿ ಯಾರಿಗರ ಹುಷಾರ್ ಇಲ್ಲಂದ್ರ ದವಾಖಾನಿಗೆ ಜೋಡಿ ಹೋಗವ್ರು ಬೇಕ್ರಿ."

"ಖಂಡಿತ ಬರ್ತೀವಿ" ಅಂದೆ. ನಂಬರ್ ಕೊಟ್ಟೆ. ಆ ನಂಬರಿನ ಕಥೆ ಕೊನೆಯಲ್ಲಿ ಹೇಳ್ತೀನಿ.

ಅಲ್ಲಿ ಯಾರು ಇರ್ತಾರೆ, ಯಾರು ನೋಡ್ಕೊಳ್ತಾರೆ?

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ. ಅವರಲ್ಲಿ 9.38 ಲಕ್ಷ ಜನ ನಗರಗಳಲ್ಲಿ. ರಸ್ತೆಬದಿ, ಫುಟ್‌ಪಾತ್, ಮೇಲ್ಸೇತುವೆ ಕೆಳಗೆ, ದೊಡ್ಡ ಸಿಮೆಂಟ್ ಪೈಪಿನೊಳಗೆ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಮಲಗಿದವರನ್ನ ಎಣಿಸಿದ ಲೆಕ್ಕ ಇದು.

2010ರಲ್ಲಿ ಸುಪ್ರೀಂ ಕೋರ್ಟ್ ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು, ಅದು ವರ್ಷವಿಡೀ ಹಗಲೂ ರಾತ್ರಿ ತೆರೆದಿರಬೇಕು ಅಂತ ಆದೇಶಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೆಂದೇ ಒಂದು ಯೋಜನೆ ಬಂತು. ಕನಿಷ್ಠ 50 ಜನಕ್ಕೆ ಒಂದು ಕೇಂದ್ರ, ತಲೆಗೆ 50 ಚದರ ಅಡಿ ಜಾಗ. ನಮ್ಮ ಪಿಜಿಯಲ್ಲಿ ಒಂದು ಮಂಚ, ಪಕ್ಕದಲ್ಲಿ ಸೂಟ್‌ಕೇಸ್ ಇಟ್ಟರೆ ಆಗುತ್ತಲ್ಲ, ಹೆಚ್ಚುಕಡಿಮೆ ಅಷ್ಟು ಜಾಗ.

ಅಲ್ಲಿಗೆ ಬರೋರು ಸೋಮಾರಿಗಳು ಅಂತ ನಾನೂ ಅಂದ್ಕೊಂಡಿದ್ದೆ. ಹೋಗಿ ಕೂತು ಮಾತಾಡಿದ ಮೇಲೆ ಗೊತ್ತಾಯ್ತು. ಒಬ್ಬರು ಬೆಳಗಿನ ಜಾವ ಮಾರ್ಕೆಟ್‌ನಲ್ಲಿ ಮೂಟೆ ಇಳಿಸೋರು. ಇನ್ನೊಬ್ಬರು ಕಲ್ಯಾಣ ಮಂಟಪದಲ್ಲಿ ಊಟ ಬಡಿಸೋರು. ನೀವು ಯಾವುದೋ ರಿಸೆಪ್ಷನ್‌ಗೆ ಹೋಗಿ "ಇನ್ನೊಂದು ಹೋಳಿಗೆ" ಅಂದಾಗ ಬಡಿಸಿದ ಕೈ ಅವರದೇ ಇರಬಹುದು. ಅಡ್ವಾನ್ಸ್ ಕೊಟ್ಟು ರೂಮ್ ಹಿಡಿಯೋಕೆ ಆಗಲ್ಲ, ಅಷ್ಟೇ. ಮಕ್ಕಳು ಹೊರಗೆ ಹಾಕಿದ ಹಿರಿಯರು, ಕುಡಿತದಿಂದ ಮನೆ ಕಳ್ಕೊಂಡವರು, ಮನಸ್ಸಿನ ಕಾಯಿಲೆ ಇರೋರೂ ಬರ್ತಾರೆ.

ಇವರನ್ನ ನೋಡ್ಕೊಳ್ಳೋಕೆ ಒಬ್ಬ ಮ್ಯಾನೇಜರ್, ಪಾಳಿ ಪ್ರಕಾರ ಕೇರ್‌ಟೇಕರ್‌ಗಳು, ಅಡುಗೆ ಇರೋ ಕಡೆ ಅಡುಗೆಯ ಅಕ್ಕ, ಶುಚಿ ಮಾಡೋರು. ಅವರ ಕೆಲಸ ಬಾಗಿಲು ಕಾಯೋದಷ್ಟೇ ಅಲ್ಲ. ಬಂದವರ ಹೆಸರು, ಊರು ರಿಜಿಸ್ಟರ್‌ನಲ್ಲಿ ಬರೀಬೇಕು. ಆಧಾರ್ ಇಲ್ಲದವರನ್ನ ಆಧಾರ್ ಕೇಂದ್ರಕ್ಕೆ ಕರ್ಕೊಂಡು ಹೋಗಬೇಕು. ಟಿಬಿ ಇರೋರು ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಬೇಕು, ನೆನಪಿಸೋರು ಇವರೇ. ರಾತ್ರಿ ಜಗಳ ಬಿಡಿಸೋರೂ ಇವರೇ. ಒಂದು ರಾತ್ರಿ ನಾನಿದ್ದಾಗ ಒಬ್ಬ ಪೂರ್ತಿ ಕುಡಿದು ಬಂದ. ಕುಡಿದವರನ್ನ ಒಳಗೆ ಬಿಡಬಾರದು ಅಂತ ಅಲ್ಲಿ ನಿಯಮ. ಒಳಗೆ ಮಲಗಿರೋರ ನೆಮ್ಮದಿಯೂ ಮುಖ್ಯ ತಾನೆ? ಹೊರಗೆ ಮಳೆ. ನಮ್ಮ ಅಣ್ಣ ಏನು ಮಾಡಿದ್ರು ಗೊತ್ತಾ? ಅವನನ್ನ ಜಗಲಿಯ ಬೆಂಚ್ ಮೇಲೆ ಮಲಗಿಸಿ ಕಂಬಳಿ ಹೊದಿಸಿ, ಬಾಗಿಲ ಹತ್ತಿರ ಕುರ್ಚಿ ಹಾಕ್ಕೊಂಡು ಬೆಳಗಿನವರೆಗೆ ಕೂತರು. ನಿಯಮವನ್ನೂ ಮುರೀಲಿಲ್ಲ, ಮನುಷ್ಯನನ್ನೂ ಬಿಡಲಿಲ್ಲ.

ಅವರು ನಮ್ಮ ಸಭೆಯವರಲ್ಲ. ಅವರ ಮೇಜಿನ ಮೇಲೆ ಎಲ್ಲಮ್ಮನ ಪಟ ಇದೆ. ಇದನ್ನ ಯಾಕೆ ಹೇಳ್ತಿದ್ದೀನಿ? ಯೇಸು ಈ ಸಾಮ್ಯ ಹೇಳಿದಾಗ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನನ್ನೇ ಮಾದರಿಯಾಗಿ ನಿಲ್ಲಿಸಿದನು. ನಮ್ಮ ಗೋಡೆಯ ಹೊರಗಿನವರಿಂದ ಕಲಿಯೋಕೆ ನಾಚಿಕೆಪಡೋರು ಲೂಕ 10ನ್ನ ಇನ್ನೊಂದು ಸಲ ಓದಬೇಕು. ಆಮೆನ್?

1. ಛತ್ರ ಅಂದ್ರೆ ಎಲ್ಲರನ್ನೂ ಬರಮಾಡಿಕೊಳ್ಳುವ ಜಾಗ

ಮೂಲ ಗ್ರೀಕ್ ಭಾಷೆಯಲ್ಲಿ ಇಲ್ಲಿರೋ ಪದ "ಪಾಂಡೊಖೆಯಾನ್". "ಪಾನ್" ಅಂದ್ರೆ ಎಲ್ಲ, ಉಳಿದ ಭಾಗ "ಬರಮಾಡಿಕೊಳ್ಳು" ಅನ್ನೋ ಕ್ರಿಯೆಯಿಂದ ಬಂದದ್ದು. ಎಲ್ಲರನ್ನೂ ಬರಮಾಡಿಕೊಳ್ಳುವ ಜಾಗ! ಹೊಸ ಒಡಂಬಡಿಕೆಯಲ್ಲಿ ಈ ಪದ ಬರೋದು ಇದೊಂದೇ ಕಡೆ. ಯೇಸು ಹುಟ್ಟಿದಾಗ ಸ್ಥಳ ಸಿಗಲಿಲ್ಲ ಅಂತ ಲೂಕ 2ರಲ್ಲಿ ಓದ್ತೀವಲ್ಲ, ಅಲ್ಲಿರೋದು ಬೇರೆ ಪದ. ಅತಿಥಿಗಳ ಕೋಣೆ ಅನ್ನೋ ಅರ್ಥ. ಒಂದು ಕಡೆ ಸ್ಥಳ ಇಲ್ಲ. ಇನ್ನೊಂದು ಕಡೆ, ಅರೆಜೀವವಾದ, ಯಾರು ಏನು ಅಂತ ಗೊತ್ತಿಲ್ಲದ ಮನುಷ್ಯನಿಗೂ ಸ್ಥಳ ಇದೆ.

ಆದಿಸಭೆಯ ಬೋಧಕರಾದ ಒರಿಜೆನ್, ಅಗಸ್ಟೀನ್ ಮುಂತಾದವರು ಸಮಾರ್ಯದವನಲ್ಲಿ ಕ್ರಿಸ್ತನನ್ನೂ ಛತ್ರದಲ್ಲಿ ಸಭೆಯನ್ನೂ ಕಂಡರು. ಹಾಗಾದ್ರೆ ಒಂದು ಪ್ರಶ್ನೆ. ಕರ್ತನು ಗಾಯಗೊಂಡವನನ್ನ ಹೊತ್ತು ತಂದು ನಮ್ಮ ಬಾಗಿಲಲ್ಲಿ ಇಳಿಸಿದ್ರೆ, ನಾವು ಎಲ್ಲರನ್ನೂ ಬರಮಾಡಿಕೊಳ್ಳುವ ಜಾಗವಾ? ಅಥವಾ ಐರನ್ ಮಾಡಿದ ಶರ್ಟ್ ಇದ್ದವರನ್ನ ಮಾತ್ರವಾ?

2. ಒಂದೇ ಕ್ರಿಯಾಪದ, ಮೂರು ಜನ

ಇದನ್ನ ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ. 34ನೇ ವಚನದಲ್ಲಿ ಸಮಾರ್ಯದವನು ಗಾಯಾಳುವನ್ನ ಆರೈಕೆ ಮಾಡಿದ. 35ನೇ ವಚನದಲ್ಲಿ ಛತ್ರದವನಿಗೆ ಅದೇ ಆರೈಕೆ ಮಾಡು ಅಂದ. ಮೂಲದಲ್ಲಿ ಎರಡೂ ಕಡೆ ಒಂದೇ ಕ್ರಿಯಾಪದ. ಅದೇ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತೆ: 1 ತಿಮೊಥೆಯ 3:5. ತನ್ನ ಮನೆಯನ್ನೇ ನಡೆಸಲಾರದವನು ದೇವರ ಸಭೆಯನ್ನ ಹೇಗೆ ನೋಡಿಕೊಂಡಾನು ಅಂತ ಪೌಲನು ಕೇಳುವಾಗ.

ಅಂದ್ರೆ ಏನು? ವೇದಿಕೆ ಮೇಲೆ ನಿಂತಿರೋ ನನ್ನ ಕೆಲಸಕ್ಕೂ, ಬಕೆಟ್‌ನಲ್ಲಿ ಫಿನಾಯಿಲ್ ಕಲಸ್ತಿರೋ ಅವರ ಕೆಲಸಕ್ಕೂ ಬೈಬಲ್ ಒಂದೇ ಪದ ಬಳಸುತ್ತೆ. ನಾವು ಇದನ್ನ "ಸೇವೆ" ಅಂತೀವಿ, ಅದನ್ನ "ಕೆಲಸ" ಅಂತೀವಿ. ಪವಿತ್ರಾತ್ಮನು ಹಾಗೆ ಬೇರೆ ಮಾಡಲಿಲ್ಲ.

3. ಮೊದಲು ರೊಟ್ಟಿ, ನಿದ್ದೆ, ಆಮೇಲೆ ಪ್ರಶ್ನೆ

1 ಅರಸುಗಳು 19. ಎಲೀಯನು ಅರಣ್ಯದಲ್ಲಿ ಗಿಡದ ಕೆಳಗೆ ಬಿದ್ದಿದ್ದಾನೆ. ಸಾಯಬೇಕು ಅಂತ ಕೇಳ್ಕೊಂಡು ಮಲಗಿದ್ದಾನೆ. ದೇವದೂತ ಬಂದ. ಬಂದವನು "ಏನಪ್ಪಾ, ಕರ್ಮೆಲಿನಲ್ಲಿ ಬೆಂಕಿ ಇಳಿಸಿದವನು ಹೀಗೆ ಬಿದ್ದಿದ್ದೀಯಾ?" ಅಂತ ಬೋಧನೆ ಶುರು ಮಾಡಿದ್ನಾ? ಇಲ್ಲ. ಮುಟ್ಟಿ ಎಬ್ಬಿಸಿದ, ಬಿಸಿ ರೊಟ್ಟಿ, ನೀರು ತೋರಿಸಿದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ. ಎರಡನೇ ಸಲ ಬಂದು ಮತ್ತೆ ಊಟ ಕೊಟ್ಟ. ನಲವತ್ತು ದಿನ ನಡೆದು ಹೋರೇಬ್ ಮುಟ್ಟಿದ ಮೇಲೇನೇ ದೇವರು ಕೇಳಿದ್ದು, ಇಲ್ಲೇನು ಮಾಡ್ತಿದ್ದೀಯ ಅಂತ.

ಆಶ್ರಯ ಕೇಂದ್ರದ ಒಳ್ಳೇ ಕೆಲಸಗಾರರೂ ಇದೇ ಕ್ರಮದಲ್ಲಿ ಹೋಗ್ತಾರೆ. ಮೊದಲ ರಾತ್ರಿ ಬಂದವರಿಗೆ ಚಾಪೆ, ಊಟ, ಸ್ನಾನಕ್ಕೆ ನೀರು. "ಯಾಕೆ ಮನೆ ಬಿಟ್ಟೆ, ಹೆಂಡ್ತಿ ಎಲ್ಲಿ" ಅಂತ ಕೆದಕಲ್ಲ. ಮೂರು ದಿನವೋ ಮೂರು ವಾರವೋ ಆದ ಮೇಲೆ ಅವರೇ ಮಾತಾಡ್ತಾರೆ.

ಯೌವನಸ್ಥರೇ, ಇಲ್ಲಿ ನಮಗೊಂದು ಎಚ್ಚರಿಕೆ ಇದೆ. ಊಟದ ಪೊಟ್ಟಣಕ್ಕೆ ಕರಪತ್ರ ಅಂಟಿಸಬೇಡಿ. ಹಸಿದವನ ಮುಂದೆ ಅನ್ನ ಇಟ್ಟು "ಮೊದಲು ಪ್ರಾರ್ಥನೆಗೆ ಕಣ್ಣು ಮುಚ್ಚು" ಅನ್ನಬೇಡಿ. ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹೊಯ್ಯೋಕೆ ಮುಂಚೆ ಯಾವ ಷರತ್ತೂ ಹಾಕಲಿಲ್ಲ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಅವರಾಗಿ ಕೇಳಿದ್ರೆ ಮೃದುವಾಗಿ ಹೇಳಿ. ಕೇಳದಿದ್ರೆ ಪಾತ್ರೆ ತೊಳೀರಿ.

4. ಸೌಟಿಗೂ ಅಭಿಷೇಕ ಬೇಕು

ನಾವು ಪವಿತ್ರಾತ್ಮನ ಅಭಿಷೇಕವನ್ನ ನಂಬೋ ಜನ. ಹಲ್ಲೆಲೂಯ! ಈಗ ಅಪೊಸ್ತಲರ ಕೃತ್ಯಗಳು 6 ನೋಡಿ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನ ಬಿಟ್ಟುಬಿಡ್ತಿದ್ದಾರೆ ಅಂತ ಗೊಣಗುಟ್ಟುವಿಕೆ ಶುರುವಾಯ್ತು. ಅಪೊಸ್ತಲರು ಏಳು ಮಂದಿಯನ್ನ ಆರಿಸೋಕೆ ಹೇಳಿದ್ರು. ಊಟ ಬಡಿಸೋಕೆ ಏನು ಅರ್ಹತೆ ಕೇಳಿದ್ರು? ಗಟ್ಟಿ ಮೈ? ಲೆಕ್ಕ ಬರೋದು? ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆಗಿರಬೇಕು ಅಂದ್ರು. ಸ್ತೆಫನನು ಆ ಪಟ್ಟಿಯಲ್ಲಿ ಮೊದಲನೆಯವನು.

ಯಾಕೆ? ಯಾಕಂದ್ರೆ ಹಸಿದ 50 ಜನರ ಮುಂದೆ ಸೌಟು ಹಿಡಿದು ನಿಂತಾಗ ಪಕ್ಷಪಾತ ಮಾಡದೆ ಇರೋದು ಸುಲಭ ಅಲ್ಲ. ಬೈದವನಿಗೂ ಅಷ್ಟೇ ಅನ್ನ ಬಡಿಸೋದು ಸುಲಭ ಅಲ್ಲ. ಆ ಅಡುಗೆಯ ಅಕ್ಕನ್ನ ಕೇಳಿ ನೋಡಿ. ಆತ್ಮನ ಫಲದಲ್ಲಿ ದೀರ್ಘಶಾಂತಿ ಅಂತ ಒಂದಿದೆಯಲ್ಲ, ಅದು ಆರಾಧನೆಯಲ್ಲಿ ಕೈ ಎತ್ತಿದಾಗ ಗೊತ್ತಾಗಲ್ಲ. ಎರಡನೇ ಸಲ ಸಾಂಬಾರ್ ಚೆಲ್ಲಿದವನಿಗೆ ಮೂರನೇ ಸಲ ಬಡಿಸುವಾಗ ಗೊತ್ತಾಗುತ್ತೆ.

5. ಛತ್ರದವನ ಕೈಗೆ ಎರಡು ದಿನಾರಿ

ಸಮಾರ್ಯದವನು "ದೇವರು ನಿನಗೆ ಕೊಡಲಿ" ಅಂತ ಹೇಳಿ ಹೋಗಲಿಲ್ಲ. ಎರಡು ದಿನಾರಿ ಕೈಗೆ ಕೊಟ್ಟ. ಮತ್ತಾಯ 20ರ ದ್ರಾಕ್ಷೇತೋಟದ ಸಾಮ್ಯದ ಪ್ರಕಾರ ಒಂದು ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ಸಂಬಳ. ಅಂದ್ರೆ ಎರಡು ದಿನದ ದುಡಿಮೆ. ಜೊತೆಗೆ, ಹೆಚ್ಚು ಖರ್ಚಾದ್ರೆ ತಿರುಗಿ ಬಂದಾಗ ಕೊಡ್ತೀನಿ ಅಂತ ಮಾತು ಕೊಟ್ಟ. ತಿರುಗಿ ಬರ್ತೀನಿ ಅಂದ!

ನಿಮ್ಮಲ್ಲಿ ತುಂಬಾ ಜನ ಒಳ್ಳೇ ಕಂಪನಿಗಳಲ್ಲಿದ್ದೀರಿ. ಪೇ ಸ್ಲಿಪ್ ತೆಗೆದು ತಿಂಗಳ ಸಂಬಳವನ್ನ ಮೂವತ್ತರಿಂದ ಭಾಗಿಸಿ, ಎರಡರಿಂದ ಗುಣಿಸಿ. ಅದು ನಿಮ್ಮ ಎರಡು ದಿನಾರಿ. ಅಷ್ಟು ಕೊಟ್ಟರೆ ಮುಗೀತಾ? ಇಲ್ಲ. ಅವನು ಹಣದ ಜೊತೆ ತನ್ನ ಹೆಸರನ್ನೂ ಒತ್ತೆಯಿಟ್ಟ. ಛತ್ರದವನನ್ನ ಒಬ್ಬಂಟಿಯಾಗಿ ಬಿಡಲಿಲ್ಲ.

ಫೆಬ್ರವರಿ, ರಾತ್ರಿ ಒಂದೂವರೆ

ಈಗ ಆ ನಂಬರಿನ ಕಥೆ. ಇದನ್ನ ಹೇಳೋಕೆ ನನಗೆ ಕಷ್ಟ, ಆದರೂ ಹೇಳ್ತೀನಿ.

ಆ ಫೆಬ್ರವರಿಯಲ್ಲಿ ಒಂದು ರಾತ್ರಿ ಒಂದೂವರೆಗೆ ಫೋನ್ ಬಂತು. ಅದೇ ಅಣ್ಣ. ಒಬ್ಬ ಅಜ್ಜನಿಗೆ ಉಸಿರಾಟ ಕಷ್ಟ ಆಗಿದೆ, 108 ಬಂದಿದೆ, ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರು ಇರಬೇಕು. "ನಾ ಹೋದ್ರ ಇಲ್ಲಿ ಐವತ್ತು ಮಂದಿನ್ನ ಯಾರು ನೋಡ್ಬೇಕ್ರಿ? ಯಾರರ ಒಬ್ರು ಬರ್ತೀರೇನ್ರಿ?"

ಮರುದಿನ ಬೆಳಿಗ್ಗೆ ನನಗೆ ಉಪವಾಸ ಪ್ರಾರ್ಥನೆಯ ಕೂಟ ಇತ್ತು. "ಅಣ್ಣ, ನಾನು ಪ್ರಾರ್ಥನೆ ಮಾಡ್ತೀನಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು "ಆತ್ರಿ" ಅಂತ ಫೋನ್ ಇಟ್ಟರು. ನಾನು ಮೊಣಕಾಲೂರಿ ಹತ್ತು ನಿಮಿಷ ಪ್ರಾರ್ಥಿಸಿದೆ. ಅನ್ಯಭಾಷೆಯಲ್ಲೂ ಪ್ರಾರ್ಥಿಸಿದೆ. ಆಮೇಲೆ ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ದೇವರ ಮಕ್ಕಳೇ, ಯೆರಿಕೋ ದಾರಿಯಲ್ಲಿ ಆ ಯಾಜಕನೂ ಪಕ್ಕಕ್ಕೆ ಸರಿದು ಹೋಗುವಾಗ ಮನಸ್ಸಲ್ಲೇ ಪ್ರಾರ್ಥನೆ ಮಾಡಿರಬಹುದು. ಬೈಬಲ್ ಹೇಳಲ್ಲ. ಅವನು ನಿಲ್ಲಲಿಲ್ಲ ಅಂತ ಮಾತ್ರ ಹೇಳುತ್ತೆ. ಇಷ್ಟು ವರ್ಷ ಆ ಯಾಜಕನ ವಿರುದ್ಧ ಪ್ರಸಂಗ ಮಾಡಿದವನು ನಾನು. ಆ ರಾತ್ರಿ ನಾನೇ ಆ ಯಾಜಕ.

ಕೂಟ ಮುಗಿಸಿ ಮಧ್ಯಾಹ್ನ ಹೋದೆ. ಅಣ್ಣ ರಿಜಿಸ್ಟರ್ ಬರೀತಾ ಕೂತಿದ್ದರು, ಕಣ್ಣು ಕೆಂಪಗೆ. ಅಡುಗೆಯ ಅಕ್ಕನ್ನ ನಿದ್ದೆಯಿಂದ ಎಬ್ಬಿಸಿ ಬಾಗಿಲಲ್ಲಿ ಕೂರಿಸಿ, ತಾವೇ ಆಂಬುಲೆನ್ಸ್ ಹತ್ತಿದ್ದರು. ನನ್ನನ್ನ ಬೈಯಲಿಲ್ಲ. "ಚಹಾ ಕುಡೀತೀರೇನ್ರಿ?" ಅಂದ್ರು. ಆ ಚಹಾ ಗಂಟಲಲ್ಲಿ ಇಳೀಲಿಲ್ಲ.

ಅಜ್ಜ ಕೆಲವು ದಿನ ಆಸ್ಪತ್ರೆಯಲ್ಲಿದ್ದರು. ನಾವು ಪಾಳಿ ಹಾಕಿ ಹೋಗೋಕೆ ಶುರು ಮಾಡಿದ್ವಿ. ಒಂದು ಬೆಳಿಗ್ಗೆ ಅವರು ಯಾರಿಗೂ ಹೇಳದೆ ಎದ್ದು ಹೋಗಿಬಿಟ್ಟರು. ಎಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ. ಅವರ ಬಟ್ಟೆಗಂಟು ಶೆಲ್ಟರಿನ ಅಟ್ಟದ ಮೇಲೆ ಹೆಸರು ಬರೆದ ಚೀಟಿಯ ಜೊತೆ ಇದೆ. "ಇನ್ನೂ ಯಾಕೆ ಇಟ್ಟಿದ್ದೀರ?" ಅಂದೆ. "ಬಂದ್ರ ಕೇಳ್ತಾರಲ್ರಿ" ಅಂದ್ರು.

ಲೂಕ 10ರಲ್ಲಿ ಗಾಯಗೊಂಡವನು ಬದುಕಿದನಾ? ಎದ್ದು ನಡೆದನಾ? ಛತ್ರದವನಿಗೆ ಥ್ಯಾಂಕ್ಸ್ ಹೇಳಿದನಾ? ಯೇಸು ಹೇಳಲೇ ಇಲ್ಲ. ನಮಗೆ ಸಾಕ್ಷಿ ಬೇಕು. ಕುಡುಕ ಬಿಟ್ಟ, ಮನೆ ಸೇರಿದ, ವೇದಿಕೆ ಹತ್ತಿದ ಅನ್ನೋ ಸಾಕ್ಷಿ. ಅಂಥದ್ದೂ ಆಗುತ್ತೆ, ದೇವರಿಗೆ ಸ್ತೋತ್ರ. ಆದರೆ ಈ ಕೆಲಸಗಾರರು ಪ್ರತಿದಿನ ಕೊನೆ ಗೊತ್ತಿಲ್ಲದ ಕಥೆಯೊಳಗೆ ಕೆಲಸ ಮಾಡ್ತಾರೆ. ಸಮಾರ್ಯದವನು ಬಂದು ಲೆಕ್ಕ ಕೇಳೋದು ಗಾಯಾಳು ವಾಸಿಯಾದನಾ ಅಂತಲ್ಲ. ಆರೈಕೆಗೆ ಎಷ್ಟು ಖರ್ಚಾಯ್ತು ಅಂತ. ನಮ್ಮ ಕರ್ತನು ತಿರುಗಿ ಬರ್ತಾನೆ. ಆ ಲೆಕ್ಕ ತೀರಿಸೋಕೆ ಬರ್ತಾನೆ. ಆಮೆನ್!

ಈ ವಾರ ಏನು ಮಾಡೋಣ?

ಹೋಗೋ ಮುಂಚೆ ಫೋನ್ ಮಾಡಿ ಏನು ಬೇಕು ಅಂತ ಕೇಳಿ. ನಾವು ಕೊಡಬೇಕು ಅನ್ಕೊಂಡಿದ್ದಲ್ಲ, ಅವರಿಗೆ ಬೇಕಾದದ್ದು.

ನಿಮಗೆ ಗೊತ್ತಿರೋ ಕೆಲಸ ಕೊಡಿ. ಅರ್ಜಿ ತುಂಬೋದು, ಬ್ಯಾಂಕ್ ಖಾತೆ ತೆರೆಯೋಕೆ ಜೊತೆ ಹೋಗೋದು, ರಿಜಿಸ್ಟರನ್ನ ಕಂಪ್ಯೂಟರ್‌ಗೆ ಹಾಕೋದು.

ಆಸ್ಪತ್ರೆ ಪಾಳಿಗೆ ಹೆಸರು ಕೊಡಿ. ತಿಂಗಳಿಗೆ ಒಂದು ರಾತ್ರಿ ಸಾಕು. ಆ ರಾತ್ರಿ ಫೋನ್ ಸೈಲೆಂಟ್ ಮಾಡಬೇಡಿ.

ಕೇರ್‌ಟೇಕರ್‌ಗೆ "ನಿಮ್ಮ ಊಟ ಆಯ್ತಾ?" ಅಂತ ಕೇಳಿ. ಅವರನ್ನ ಕೇಳೋರು ಕಡಿಮೆ.

ಮತ್ತೆ, ಫೋಟೋ ಬೇಡ.

ಗುಂಪು ಚರ್ಚೆಗೆ

1. ಈ ಸಾಮ್ಯದಲ್ಲಿ ಇಷ್ಟು ದಿನ ನಿಮ್ಮನ್ನ ಯಾವ ಪಾತ್ರದಲ್ಲಿ ನೋಡ್ತಿದ್ರಿ? ಇವತ್ತು?
2. "ಪ್ರಾರ್ಥನೆ ಮಾಡ್ತೀನಿ" ಅನ್ನೋದು ಯಾವಾಗ ನಂಬಿಕೆಯ ಮಾತಾಗುತ್ತೆ, ಯಾವಾಗ ತಪ್ಪಿಸಿಕೊಳ್ಳೋ ಮಾತಾಗುತ್ತೆ?
3. ಫಲಿತಾಂಶ ಕಾಣದ ಕೆಲಸವನ್ನ ನೀವು ಎಷ್ಟು ದಿನ ಮಾಡಬಲ್ಲಿರಿ? ಎಲೀಯನಿಗೆ ದೇವರು ಮಾಡಿದ್ದರಿಂದ ದಣಿದ ಕೆಲಸಗಾರರಿಗೆ ಏನು ಮಾಡಬೇಕು ಅಂತ ಕಲೀಬಹುದು?

ಪ್ರಾರ್ಥನೆ

ಕರ್ತನೇ, ನೀನು ನಮ್ಮನ್ನು ದಾರಿಯಲ್ಲಿ ಕಂಡು ದಾಟಿ ಹೋಗಲಿಲ್ಲ. ನಿನಗೆ ಸ್ತೋತ್ರ. ಇಂದು ರಾತ್ರಿ ಈ ನಗರದಲ್ಲಿ ಎಚ್ಚರವಾಗಿರುವ ಪ್ರತಿಯೊಬ್ಬ ಛತ್ರದವನನ್ನೂ ಬಲಪಡಿಸು. ಅವರ ಮನೆಗಳನ್ನು ಕಾಪಾಡು. ನಮ್ಮ ಪ್ರಾರ್ಥನೆಗೆ ಕಾಲುಗಳನ್ನು ಕೊಡು. ಎದ್ದು ಹೋದ ಆ ಅಜ್ಜ ಎಲ್ಲಿದ್ದರೂ ಒಂದು ಬಾಗಿಲು ಅವರಿಗೆ ತೆರೆದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.